ಅಲಾರಂ ತರಿಸಿಕೊಳ್ಳಿ, ಆದರೆ ಮೊದಲು ಗೀಸರನ್ನು ಬಚ್ಚಲಿಂದ ಹೊರಗೆ ಹಾಕಿಸಿ

ಪ್ರಶ್ನೆ: ಸರ್, ನಾವು ಹಾಸನದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಸಿಲಿಂಡರ್ ಹೊರಗಿದೆ, ಗ್ಯಾಸ್ ಗೀಸರ್ ಬಚ್ಚಲು ಮನೆಯೊಳಗೇ ಇದೆ. ಹೋದ ವಾರ ಚಿಕ್ಕ ಮಗಳು ತಲೆಗೆ ನೀರು ಹಾಕಿಕೊಂಡು ಹೊರಗೆ ಬಂದವಳೇ ತಲೆ ಸುತ್ತುತ್ತೆ ಅಂತ ಬಾಗಿಲಲ್ಲೇ ಕುಸಿದು ಕೂತಳು. ವಾಕರಿಕೆ ಬಂತು, ಕಾಲಲ್ಲಿ ಬಲವೇ ಇರಲಿಲ್ಲ. ಜಗಲಿಯಲ್ಲಿ ಅರ್ಧ ಗಂಟೆ ಕೂತ ಮೇಲೆ ಸರಿಹೋದಳು. ಡಾಕ್ಟರು ಬಿ.ಪಿ. ಕಡಿಮೆ ಆಗಿರಬಹುದು ಅಂದರು. ಇಂಗ್ಲೆಂಡಿನಲ್ಲಿರುವ ತಮ್ಮನಿಗೆ ಹೇಳಿದರೆ ಅವನು ಗಾಬರಿಯಾದ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಳಿಸ್ತೀನಿ, ಬಚ್ಚಲಲ್ಲಿ ಹಾಕಿಸು ಅಂತಿದ್ದಾನೆ. ಗೀಸರ್ ಸರ್ವಿಸ್ ಮಾಡಿಸಿ ಅಲಾರಂ ಹಾಕಿದರೆ ಸಾಕಾ? ಜನವರಿಯಲ್ಲಿ ದೊಡ್ಡ ಮಗಳು ಬಾಣಂತನಕ್ಕೆ ಬರುತ್ತಾಳೆ. ಬಾಣಂತಿ ಕೋಣೆಯಲ್ಲಿ ಕೆಂಡ ಇಡಲೇಬೇಕು ಅಂತಾರೆ ನಮ್ಮ ಅತ್ತೆ. ಅದೂ ಅಪಾಯವೇ?

ಉತ್ತರ: ಸಾಕಾಗುವುದಿಲ್ಲ. ಕಾಗದದ ಉಳಿದ ಭಾಗ ನಿಧಾನವಾಗಿ ಓದಿದರೂ ಪರವಾಗಿಲ್ಲ, ಆದರೆ ಒಂದು ಕೆಲಸ ಇವತ್ತೇ ಮಾಡಿ. ಬಚ್ಚಲೊಳಗೆ ಯಾರಾದರೂ ಇರುವಾಗ ಆ ಗೀಸರ್ ಉರಿಯಬಾರದು. ಅದನ್ನು ಹೊರಗೆ ಸಾಗಿಸುವ ತನಕ ಹೀಗೆ ಮಾಡಿ: ಬಾಗಿಲು, ಕಿಟಕಿ ಪೂರ್ತಿ ತೆಗೆದಿಟ್ಟು ಗೀಸರ್ ಹಾಕಿ, ನೀವು ಹೊರಗೆ ಬನ್ನಿ. ಬಕೆಟ್ ತುಂಬಿದ ಮೇಲೆ ಗೀಸರ್ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಕೂಡ ಆಫ್ ಮಾಡಿ. ಐದು-ಹತ್ತು ನಿಮಿಷ ಗಾಳಿಯಾಡಲಿ. ಆಮೇಲೆ ಸ್ನಾನಕ್ಕೆ ಹೋಗಿ. ನೀರು ಸ್ವಲ್ಪ ಆರುತ್ತೆ, ಅಷ್ಟೇ.

ನಿಮ್ಮ ಮಗಳಿಗೆ ಆದದ್ದು ಬಿ.ಪಿ. ಅಲ್ಲ ಅಂತ ದೂರದಿಂದ ನಾನು ಹೇಳಲಾರೆ. ಆದರೆ ನೀವು ಬರೆದದ್ದರಲ್ಲಿ ಮೂರು ವಿಷಯ ನನ್ನ ಕಣ್ಣಿಗೆ ಬಿದ್ದವು. ಗೀಸರ್ ಉರಿಯುತ್ತಿದ್ದ ಬಚ್ಚಲಿಂದ ಬಂದಾಗ ಆಯಿತು. ಕಾಲಲ್ಲಿ ಬಲ ಇರಲಿಲ್ಲ. ಹೊರಗಿನ ಗಾಳಿಯಲ್ಲಿ ಕೂತಾಗ ತಾನಾಗಿ ಸರಿಹೋಯಿತು. ಇದಕ್ಕೆ ವೈದ್ಯರಲ್ಲಿ ಒಂದು ಹೆಸರೇ ಇದೆ, ಗ್ಯಾಸ್ ಗೀಸರ್ ಸಿಂಡ್ರೋಮ್. ಜ್ವರ ಇಲ್ಲದ ತಲೆನೋವು, ವಾಕರಿಕೆ, ಮಂಕು, ಸುಸ್ತು ಇದರ ಲಕ್ಷಣಗಳು. ಒಂದೊಂದನ್ನೇ ನೋಡಿದರೆ ನೂರು ಕಾರಣ ಸಿಗುತ್ತವೆ. ಎಲ್ಲಿ ಆಯಿತು, ಎಲ್ಲಿಗೆ ಹೋದ ಮೇಲೆ ಕಡಿಮೆಯಾಯಿತು ಅನ್ನುವುದನ್ನು ಕೇಳಿದರೆ ಮಾತ್ರ ಸುಳಿವು ಸಿಗುತ್ತೆ. ಡಾಕ್ಟರ ತಪ್ಪು ಅಂತಲ್ಲ. ಗೀಸರ್ ಬಚ್ಚಲೊಳಗಿದೆ ಅಂತ ಅವರಿಗೆ ನೀವು ಹೇಳಿದ್ದಿರಾ? ಹೆಚ್ಚಿನವರು ಹೇಳುವುದೇ ಇಲ್ಲ.

ಇಂಥ ಸಾವುಗಳ ಸುದ್ದಿ ಬಂದಾಗೆಲ್ಲ ಪತ್ರಿಕೆಗಳು 'ಗ್ಯಾಸ್ ಸೋರಿಕೆ' ಅಂತ ಬರೆಯುತ್ತವೆ. ಓದಿದಾಗೆಲ್ಲ ನನಗೆ ಕಿರಿಕಿರಿ. ಹೆಚ್ಚಿನ ಸಲ ಅಲ್ಲಿ ಏನೂ ಸೋರಿರುವುದಿಲ್ಲ. ಪೈಪು ಸರಿ, ವಾಲ್ವು ಸರಿ, ಗೀಸರ್ ಹೊಸದು. ಸೋರಿದ್ದರೆ ಬಚಾವಾಗುತ್ತಿದ್ದರೇನೋ, ಯಾಕೆಂದರೆ ಎಲ್‌ಪಿಜಿಗೆ ಬೇಕಂತಲೇ ವಾಸನೆ ಸೇರಿಸಿರುತ್ತಾರೆ, ಮೂಗು ಎಚ್ಚರಿಸುತ್ತೆ. ಗ್ಯಾಸ್ ಉರಿದಾಗ ಆ ವಾಸನೆಯೂ ಸುಟ್ಟುಹೋಗುತ್ತದೆ. ಗಾಳಿ ಸಾಕಷ್ಟು ಸಿಗದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಸೋರಿಕೆ ಅಂತ ಓದಿದ ಜನ ಪೈಪಿಗೆ ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಬರಲಿಲ್ಲ ಅಂತ ನೆಮ್ಮದಿಯಾಗಿ ಸ್ನಾನಕ್ಕೆ ಹೋಗುತ್ತಾರೆ.

ಗಾಳಿ ಯಾಕೆ ಸಾಲುವುದಿಲ್ಲ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ನಿಮಿಷಕ್ಕೆ 6 ಲೀಟರ್ ನೀರು ಕೊಡುವ ಮಾಮೂಲಿ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು 900 ಗ್ರಾಂ ಗ್ಯಾಸ್ ತಿನ್ನುತ್ತದೆ. ನಿಮ್ಮ ಅಡುಗೆಮನೆಯ ದೊಡ್ಡ ಬರ್ನರ್ ತಿನ್ನುವುದು 150 ಗ್ರಾಂ ಆಸುಪಾಸು. ಅಂದರೆ ಆರು ಒಲೆಯನ್ನು ಒಟ್ಟಿಗೆ ಬಚ್ಚಲಲ್ಲಿಟ್ಟು, ಪೂರ್ತಿ ಉರಿ ಕೊಟ್ಟು, ಬಾಗಿಲು ಹಾಕಿಕೊಂಡಂತೆ. ಒಂದು ಕಿಲೋ ಗ್ಯಾಸ್ ಸರಿಯಾಗಿ ಉರಿಯಲು ಹತ್ತಿರಹತ್ತಿರ 12 ಘನ ಮೀಟರ್ ಗಾಳಿ ಬೇಕು. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿ ಇರುವುದೇ 8 ಘನ ಮೀಟರ್. ಹತ್ತು ನಿಮಿಷದಲ್ಲಿ ಗೀಸರ್ ಅದರಲ್ಲಿ ಐದನೇ ಒಂದು ಪಾಲಿನ ಆಮ್ಲಜನಕ ಮುಗಿಸಿರುತ್ತದೆ. ಎಲ್ಲ ಕಡೆ ಮುಚ್ಚಿದ್ದರೆ ಶೇಕಡಾ 21 ಇದ್ದದ್ದು 17ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟು ಇಳಿದಾಗ ಎಂಥ ಒಳ್ಳೆಯ ಬರ್ನರ್ ಆದರೂ ಸರಿಯಾಗಿ ಉರಿಯುವುದಿಲ್ಲ, ವಿಷ ಉಗುಳಲು ಶುರು ಮಾಡುತ್ತೆ. ಗೀಸರ್ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಾ ಹೋಗುವುದರಿಂದ ನಿಮಿಷದಿಂದ ನಿಮಿಷಕ್ಕೆ ಪರಿಸ್ಥಿತಿ ಕೆಡುತ್ತದೆ. ಬಿಸಿನೀರು ಮಾತ್ರ ಚೆನ್ನಾಗಿ ಬರುತ್ತಲೇ ಇರುತ್ತದೆ!

ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಇದೆಯಲ್ಲ, ಅದಕ್ಕೆ ಈ ವಿಷದ ಮೇಲೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಮೋಹ. ಒಮ್ಮೆ ಅಂಟಿಕೊಂಡರೆ ಬೇಗ ಬಿಡುವುದಿಲ್ಲ. ಮೆದುಳು ಮಂಕಾಗುತ್ತೆ, ಕಾಲು ಸೋಲುತ್ತೆ. ಒಳಗಿರುವವರಿಗೆ ಏನೋ ಸರಿಯಿಲ್ಲ ಅಂತ ಅನಿಸುವ ಹೊತ್ತಿಗೆ ಎದ್ದು ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ನಿಮ್ಮ ಮಗಳು ಬಾಗಿಲವರೆಗೆ ಬಂದಳು. ಇನ್ನೆರಡು ಚೊಂಬು ನೀರು ಹಾಕಿಕೊಂಡು ಬರೋಣ ಅಂತ ನಿಂತಿದ್ದರೆ ಏನಾಗುತ್ತಿತ್ತೋ, ಅದನ್ನು ನಾನು ಬರೆಯುವುದಿಲ್ಲ.

ಈಗ ಸರ್ವಿಸ್ ವಿಷಯ. ಗ್ಯಾಸ್ ಸಾಮಾನುಗಳ ತಪಾಸಣೆಯಲ್ಲಿ ನನ್ನ ಅರ್ಧ ಆಯುಸ್ಸು ಕಳೆದಿದೆ. ಒಂದು ಮನೆಯ ನೆನಪು ಮಾತ್ರ ಹೋಗಿಲ್ಲ. ಮನೆಯಾಕೆ ವಾರಕ್ಕೆರಡು ಸಲ ತಲೆನೋವು ಅಂತಿದ್ದರು, ಎಣ್ಣೆಸ್ನಾನದ ದಿನ ಜಾಸ್ತಿ. ಕನ್ನಡಕ ಬದಲಿಸಿದ್ದೂ ಆಗಿತ್ತು. ನಾನು ನನ್ನ ಮೀಟರನ್ನು ಬಚ್ಚಲಿನ ಸೋಪಿಡುವ ಗೂಡಿನಲ್ಲಿಟ್ಟು, ನಲ್ಲಿ ಬಿಟ್ಟು, ಗೀಸರ್ ಹೊತ್ತಿದ್ದನ್ನು ನೋಡಿ ಹೊರಗೆ ಬಂದು ಬಾಗಿಲು ಹಾಕಿದೆ. ವೆಂಟಿಲೇಟರ್ ಗಾಜಿನ ಹೊರಗಿಂದ ಮೀಟರಿನ ಅಂಕಿ ಕಾಣುತ್ತಿತ್ತು. ಮೊದಲ ಎರಡು ನಿಮಿಷ 10, 15 ಪಿಪಿಎಂ. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ವಿಷ ಅನ್ನುವ ಲೆಕ್ಕ. ನಾಲ್ಕನೇ ನಿಮಿಷಕ್ಕೆ 90. ಆಮೇಲೆ ಗಾಜಿಗೆ ಹಬೆ ಕಟ್ಟಿ ಏನೂ ಕಾಣಲಿಲ್ಲ. ಎಂಟು ನಿಮಿಷಕ್ಕೆ ಗ್ಯಾಸ್ ನಿಲ್ಲಿಸಿ, ಬಾಗಿಲು ತೆಗೆದು, ಗಾಳಿಯಾಡಿದ ಮೇಲೆ ಮೀಟರ್ ತೆಗೆದು ನೋಡಿದರೆ ಅದು ನೆನಪಿಟ್ಟುಕೊಂಡ ಅತಿ ಹೆಚ್ಚಿನ ಅಂಕಿ 600 ದಾಟಿತ್ತು. ಮನೆಯಾಕೆ ಮೂಗು ಅರಳಿಸಿ, "ಏನೂ ವಾಸನೆ ಇಲ್ಲವಲ್ಲ?" ಅಂದರು.

ಗೀಸರಿನ ಮುಚ್ಚಳ ಬಿಚ್ಚಿದಾಗ ಮೇಲೆ ನೀರಿಗೆ ಶಾಖ ಮುಟ್ಟಿಸುವ ತಾಮ್ರದ ತೆಳು ಎಲೆಗಳ ನಡುವೆ ಮಸಿ ಮೆತ್ತಿಕೊಂಡಿತ್ತು. ಬರ್ನರಿಗೆ ಗಾಳಿ ಹೋಗುವ ಬಾಯಲ್ಲಿ ಜೇಡ ಬಿಳಿ ಗೂಡು ಕಟ್ಟಿತ್ತು, ಹತ್ತಿಯ ಉಂಡೆಯಷ್ಟೇ ಇತ್ತು ಅದು. ಎಲ್ಲ ತೆಗೆದು, ತೊಳೆದು, ಮತ್ತೆ ಅದೇ ಪರೀಕ್ಷೆ ಮಾಡಿದೆ. ಅಂಕಿ ಇಳಿಯಿತು ನಿಜ. ಆದರೆ ಬಾಗಿಲು ಮುಚ್ಚಿ ಹತ್ತು ನಿಮಿಷ ದಾಟಿದ ಮೇಲೆ ಮತ್ತೆ ಏರತೊಡಗಿತು. ಗೀಸರ್ ಕೊಳೆಯಾಗಿದ್ದದ್ದು ಅರ್ಧ ಕಾರಣ ಮಾತ್ರ. ಇನ್ನರ್ಧ ಆ ಕೋಣೆಯೇ. ಅವತ್ತೇ ಅದನ್ನು ಯುಟಿಲಿಟಿ ಗೋಡೆಗೆ ಹಾಕಿಸಿದೆವು.

ಹಾಗಾಗಿ ನಿಮಗೂ ಅದನ್ನೇ ಹೇಳುತ್ತೇನೆ. ಗೀಸರ್ ಹೊರಗಿನ ಗೋಡೆಗೆ ಹೋಗಲಿ. ಮಳೆ ಬೀಳದಂಥ, ಆದರೆ ತೆರೆದ ಜಾಗ. ಅಲ್ಲಿಂದ ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಗೀಸರನ್ನು ಬಚ್ಚಲಿನ ಕಿಟಕಿಯ ಕೆಳಗೇ ಹಾಕಬೇಡಿ. ಅದು ಬಿಟ್ಟ ಬಿಸಿಗಾಳಿ ಮೇಲೆದ್ದು ಅದೇ ಕಿಟಕಿಯಿಂದ ಒಳಗೆ ಬರುತ್ತೆ. ಪ್ಲಂಬರಿಗೆ ಇದು ಒಂದು ದಿನದ ಕೆಲಸ. ಮನೆ ಮಾಲೀಕರು ಒಪ್ಪದಿದ್ದರೆ ಗೀಸರ್ ಜೊತೆ ಬಂದ ಪುಸ್ತಕ ತೆಗೆದು ತೋರಿಸಿ. ಗಾಳಿಯಾಡುವ ಜಾಗದಲ್ಲಿ ಹಾಕಿ, ಬಚ್ಚಲೊಳಗೆ ಬೇಡ ಅಂತ ತಯಾರಿಸಿದವರೇ ಬರೆದಿರುತ್ತಾರೆ. ಆ ಪುಸ್ತಕ ಸಾಮಾನ್ಯವಾಗಿ ಡಬ್ಬದ ಜೊತೆ ಅಟ್ಟ ಸೇರಿರುತ್ತೆ, ಅದು ಬೇರೆ ಮಾತು. ಅದೂ ಆಗದಿದ್ದರೆ ಕರೆಂಟ್ ಗೀಸರ್ ಹಾಕಿಸಿ. ಬಿಲ್ಲು ಸ್ವಲ್ಪ ಏರುತ್ತೆ, ಆದರೆ ಕರೆಂಟಿನ ಕಾಯಿಲ್ಲಿಗೆ ಉಸಿರಾಡಲು ಗಾಳಿ ಬೇಡ.

"ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಸರ್" ಅಂತ ಬಹಳ ಜನ ಕೇಳುತ್ತಾರೆ. ಫ್ಯಾನು ಗಾಳಿಯನ್ನು ಹೊರಗೆ ಹಾಕುತ್ತದೆ, ಸರಿ. ಒಳಗೆ ಬರುವ ಗಾಳಿ ಎಲ್ಲಿಂದ? ಬಾಗಿಲ ಕೆಳಗೆ ಸಂದಿಯಿಲ್ಲ, ಕಿಟಕಿಗೆ ಚಳಿ ಅಂತ ಪ್ಲಾಸ್ಟಿಕ್ ಹೊಡೆದಿರುತ್ತೀರಿ. ಆಗ ಫ್ಯಾನು ಸುಮ್ನೆ ಸದ್ದು ಮಾಡುತ್ತೆ. ಹೊಗೆ ಕೊಳವೆ ಇರುವ ಗೀಸರ್ ಆದರೆ ಇನ್ನೂ ಕೆಟ್ಟದ್ದು, ಮೇಲೆ ಹೋಗಬೇಕಾದ ಹೊಗೆಯನ್ನು ಫ್ಯಾನು ವಾಪಸ್ ಕೋಣೆಗೇ ಎಳೆಯಬಹುದು. 20 ನಿಮಿಷಕ್ಕೆ ತಾನೇ ಆರುವ ಗೀಸರ್, ಆಮ್ಲಜನಕ ಕಡಿಮೆಯಾದರೆ ನಿಲ್ಲುವ ಗೀಸರ್ ಇವೆ. ಇರಲಿ, ಒಳ್ಳೆಯದೇ. ಆದರೆ ಮೇಲಿನ ಲೆಕ್ಕ ನೋಡಿದಿರಲ್ಲ, 20 ನಿಮಿಷ ಅಂದರೆ ತಡವಾಯಿತು.

ನಮ್ಮಜ್ಜಿ ಕಾಲದಲ್ಲಿ ಬಚ್ಚಲಲ್ಲೇ ಹಂಡೆ ಒಲೆ ಉರೀತಿತ್ತಲ್ಲ, ಅವರಿಗೇನೂ ಆಗಲಿಲ್ಲವಲ್ಲ ಅಂತ ನಿಮ್ಮ ಅತ್ತೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆ ಬಚ್ಚಲಿಗೆ ಹೆಂಚಿನ ಮಾಡು. ಹೆಂಚಿನ ಸಂದಿಯಲ್ಲಿ ಬಿಸಿಲಿನ ಕೋಲು ಇಳಿಯುತ್ತಿತ್ತು, ಗೋಡೆಯಲ್ಲಿ ಕಿಂಡಿ ಇತ್ತು, ಬಾಗಿಲು ಅನ್ನುವುದು ನಾಲ್ಕು ಹಲಗೆ. ಸೌದೆ ಹೊಗೆ ಜಾಸ್ತಿಯಾದರೆ ಕಣ್ಣಲ್ಲಿ ನೀರು ಬಂದು ಜನ ತಾವೇ ಆಚೆ ಓಡುತ್ತಿದ್ದರು. ನಾವು ಹೆಂಚು ತೆಗೆದು ಆರ್‌ಸಿಸಿ ಹಾಕಿದೆವು, ಗಾಳಿ ನುಸುಳದ ಬಾಗಿಲು-ಕಿಟಕಿ ಕೂರಿಸಿದೆವು, ಹೊಗೆ ಕಾಣದ ಬೆಂಕಿ ತಂದೆವು. ಬೆಂಕಿಯನ್ನು ಮಾತ್ರ ಹಳೇ ಜಾಗದಲ್ಲೇ ಬಿಟ್ಟೆವು.

ಗೀಸರ್ ಹೊರಗೆ ಹೋದ ಮೇಲೂ ವರ್ಷಕ್ಕೊಮ್ಮೆ ಸರ್ವಿಸ್ ಬೇಕು, ಚಳಿಗಾಲ ಶುರುವಾಗುವ ಮುಂಚೆ. ಸರ್ವಿಸ್‌ಗೆ ಬಂದವರು ಎರಡು ಬ್ಯಾಟರಿ ಬದಲಿಸಿ, ಮೇಲೆ ಬಟ್ಟೆಯಲ್ಲಿ ಒರೆಸಿ ದುಡ್ಡು ಕೇಳಿದರೆ ಅದು ಸರ್ವಿಸ್ ಅಲ್ಲ. ಮುಚ್ಚಳ ಬಿಚ್ಚಿಸಿ, ತಾಮ್ರದ ಎಲೆ, ಬರ್ನರ್, ಜೆಟ್ (ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಮೂತಿ) ಸ್ವಚ್ಛ ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿ. ಉರಿ ನೀಲಿಯಾಗಿ, ಗಟ್ಟಿಯಾಗಿ ಇರಬೇಕು. ಹಳದಿ ನಾಲಿಗೆ ಆಡಿದರೆ, ಮುಚ್ಚಳದ ಮೇಲೆ ಕಪ್ಪು ಕಲೆ ಬಿದ್ದರೆ ನಿಲ್ಲಿಸಿ. ಹಾಗಂತ ನೀಲಿ ಉರಿ ಕಂಡ ಕೂಡಲೇ ಎಲ್ಲ ಸರಿ ಅಂತಲೂ ಅಲ್ಲ. ಅಡುಗೆ ಒಲೆಗೂ ಇದೇ ಮಾತು. ಪಾತ್ರೆ ತಳಕ್ಕೆ ಮಸಿ ಹಿಡಿಯಲು ಶುರುವಾದರೆ ಬರ್ನರಿನ ತೂತು ಕಟ್ಟಿದೆ, ಇಲ್ಲವೇ ಹಾಲು ಉಕ್ಕಿ ಒಳಗೆ ಹೋಗಿದೆ. ಬಿಸಿನೀರು ಬೇಗ ಬರಲಿ ಅಂತ ಹೋಟೆಲಿನವರು ಬಳಸುವ ಹೈ ಪ್ರೆಷರ್ ರೆಗ್ಯುಲೇಟರನ್ನು ಮನೆ ಗೀಸರಿಗೆ ಹಾಕಿದ್ದನ್ನು ನೋಡಿದ್ದೇನೆ. ಗ್ಯಾಸ್ ಜಾಸ್ತಿ ನುಗ್ಗುತ್ತೆ, ಗಾಳಿ ಅಷ್ಟೇ ಇರುತ್ತೆ, ಪರಿಣಾಮ ನೀವೇ ಊಹಿಸಿ. ಬೆಂಗಳೂರಿನಂಥ ಕಡೆ ಪೈಪಿನ ಗ್ಯಾಸ್ ಬಳಸುತ್ತಿದ್ದವರು ಊರು ಬದಲಿಸಿ ಅದೇ ಒಲೆಯನ್ನು ಸಿಲಿಂಡರಿಗೆ ಜೋಡಿಸುವಾಗಲೂ ಹೀಗೇ ಆಗುತ್ತೆ. ಪೈಪಿನ ಗ್ಯಾಸಿನ ಜೆಟ್ ತೂತು ದೊಡ್ಡದು. ಜೆಟ್ ಬದಲಿಸದೆ ಹೊತ್ತಿಸಬಾರದು. ರಬ್ಬರ್ ಟ್ಯೂಬು 5 ವರ್ಷಕ್ಕೊಮ್ಮೆ ಬದಲಾಗಲಿ. ಅದು ಈ ವಿಷಕ್ಕಲ್ಲ, ಸೋರಿಕೆಗೆ.

ಇನ್ನು ನಿಮ್ಮ ತಮ್ಮನ ಅಲಾರಂ. ಅವನು ಹೇಳಿದ್ದು ತಪ್ಪಲ್ಲ, ಅಲ್ಲಿಯ ಲೆಕ್ಕಕ್ಕೆ ಅದು ಸರಿ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ ಬಾಡಿಗೆ ಮನೆಯಲ್ಲಿ ಗ್ಯಾಸ್ ಬಾಯ್ಲರಿನಂಥ ಉರಿಯುವ ಉಪಕರಣ ಕೂರಿಸಿರುವ ಪ್ರತಿ ಕೋಣೆಗೂ ಮಾಲೀಕರು ಈ ಅಲಾರಂ ಹಾಕಿಸಲೇಬೇಕು. ಅಡುಗೆ ಒಲೆಗೆ ಮಾತ್ರ ವಿನಾಯಿತಿ. ಆದರೆ ಅಲ್ಲಿ ಅಲಾರಮ್ಮಿನ ಹಿಂದೆ ಇನ್ನೂ ಎರಡು ಸಂಗತಿ ಇವೆ. ಈಗಿನ ಬಾಯ್ಲರುಗಳು ಉರಿಯಲು ಬೇಕಾದ ಗಾಳಿಯನ್ನು ಕೊಳವೆಯಲ್ಲಿ ಹೊರಗಿಂದಲೇ ಎಳೆದುಕೊಂಡು, ಹೊಗೆಯನ್ನೂ ಹೊರಗೇ ಬಿಡುತ್ತವೆ. ಬಾಡಿಗೆ ಮನೆಯ ಬಾಯ್ಲರನ್ನು 'ಗ್ಯಾಸ್ ಸೇಫ್' ನೋಂದಣಿ ಇರುವ ತಂತ್ರಜ್ಞ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಇಷ್ಟಾದ ಮೇಲೂ ಏನಾದರೂ ಕೆಟ್ಟರೆ ಇರಲಿ ಅಂತ ಅಲಾರಂ. ನಾವು ಮೊದಲ ಎರಡನ್ನು ಬಿಟ್ಟು ಮೂರನೆಯದನ್ನು ಮಾತ್ರ ಪಾರ್ಸೆಲ್ಲಿನಲ್ಲಿ ತರಿಸಿಕೊಂಡರೆ ಹೇಗೆ?

ಅಲಾರಂ ಹೇಗೆ ಕೂಗುತ್ತೆ ಅಂತ ತಿಳಿದರೆ ಇದು ಇನ್ನೂ ಸ್ಪಷ್ಟವಾಗುತ್ತೆ. ವಿಷ ಮೂಸಿದ ತಕ್ಷಣ ಕೂಗುವ ಯಂತ್ರ ಅಲ್ಲ ಅದು. ಎಷ್ಟು ವಿಷ, ಎಷ್ಟು ಹೊತ್ತು ಅಂತ ಎರಡನ್ನೂ ಕೂಡಿಸಿ ನೋಡುತ್ತದೆ. ಯುರೋಪಿನ ಇಎನ್ 50291 ಮಾನದಂಡದ ಪ್ರಕಾರ 50 ಪಿಪಿಎಂ ಇದ್ದರೆ 60ರಿಂದ 90 ನಿಮಿಷದೊಳಗೆ, 100 ಇದ್ದರೆ 10ರಿಂದ 40 ನಿಮಿಷದೊಳಗೆ, 300 ಇದ್ದರೆ 3 ನಿಮಿಷದೊಳಗೆ ಕೂಗಬೇಕು. ಅಮೆರಿಕದ ಯುಎಲ್ 2034 ಪ್ರಕಾರ 400 ಪಿಪಿಎಂಗೆ 4ರಿಂದ 15 ನಿಮಿಷದ ಅವಕಾಶ ಇದೆ. ರಾತ್ರಿಯಿಡೀ ನಿಧಾನವಾಗಿ ವಿಷ ತುಂಬುವ ಮಲಗುವ ಕೋಣೆಗೆ ಈ ಲೆಕ್ಕ ಹೇಳಿ ಮಾಡಿಸಿದಂತಿದೆ. ಎಂಟು ನಿಮಿಷದಲ್ಲಿ ಕಥೆ ಮುಗಿಯುವ ಬಚ್ಚಲಿಗೆ ಅಲ್ಲ. ಸಾಲದ್ದಕ್ಕೆ ಹಬೆ ತಾಗಿದರೆ ಅಲಾರಂ ಕೆಡುತ್ತೆ, ಬಚ್ಚಲಲ್ಲಿ ಹಾಕಬೇಡಿ ಅಂತ ತಯಾರಕರೇ ಹೇಳುತ್ತಾರೆ.

ಹಾಗಾದರೆ ಬೇಡವಾ? ಬೇಕು, ಕಳಿಸಲಿ. ಎರಡು ಕಳಿಸಿದರೆ ಇನ್ನೂ ಒಳ್ಳೆಯದು. ಒಂದು ಮಲಗುವ ಕೋಣೆಗೆ, ಇನ್ನೊಂದು ಅಡುಗೆಮನೆ, ಬಚ್ಚಲು ಎರಡಕ್ಕೂ ಹತ್ತಿರದ ನಡುಮನೆಗೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಿಯುತ್ತೆ. ಅದಕ್ಕೇ ಸೋರಿಕೆ ಪತ್ತೆ ಮಾಡುವ ಡಿಟೆಕ್ಟರನ್ನು ಕೆಳಗೆ ಹಾಕುತ್ತಾರೆ. ಕಾರ್ಬನ್ ಮೊನಾಕ್ಸೈಡ್ ಗಾಳಿಯಷ್ಟೇ ಹಗುರ, ಎಲ್ಲೆಡೆ ಬೆರೆಯುತ್ತೆ. ಹಾಗಾಗಿ ಮಲಗುವ ಕೋಣೆಯಲ್ಲಿ ಮಂಚದ ಮೇಲಿನ ತಲೆಯ ಮಟ್ಟದಲ್ಲಿ ಇರಲಿ. ಪರದೆ, ಬೀರುವಿನ ಹಿಂದೆ ಬೇಡ, ಫ್ಯಾನಿನ ಗಾಳಿ ನೇರ ಬಡಿಯುವ ಕಡೆಯೂ ಬೇಡ. ಅಂಗಡಿಯಲ್ಲಿ 'ಗ್ಯಾಸ್ ಅಲಾರಂ' ಅಂತ ಕೇಳಿದರೆ ಎಲ್‌ಪಿಜಿ ಡಿಟೆಕ್ಟರ್ ಕೊಡುತ್ತಾರೆ. ಅದು ಈ ವಿಷವನ್ನು ಗುರುತಿಸುವುದಿಲ್ಲ. ಇದಕ್ಕೆ ಅದು ಬದಲಿಯಲ್ಲ, ಅದಕ್ಕೆ ಇದು ಬದಲಿಯಲ್ಲ.

ನನ್ನ ಮನೆಯದೇ ಒಂದು ಕಥೆ ಹೇಳಿಬಿಡುತ್ತೇನೆ. ಮೊದಲ ಅಲಾರಂ ತಂದಾಗ ಎದುರಿಗೆ ಮೊಳೆ ಇದ್ದದ್ದು ಇನ್ವರ್ಟರ್ ಬ್ಯಾಟರಿಯ ಮೇಲಿನ ಗೋಡೆಯಲ್ಲಿ. ಅಲ್ಲೇ ನೇತುಹಾಕಿದೆ. ಒಂದು ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಎರಡು ಗಂಟೆ ಹೊತ್ತಿಗೆ ಮನೆ ಮೇಲೆ ಬೀಳುವಂತೆ ಕೂಗಿತು. ಎಲ್ಲರೂ ರಸ್ತೆಗೆ ಬಂದು ನಿಂತೆವು. ಉರಿಯುವ ವಸ್ತು ಒಂದೂ ಇರಲಿಲ್ಲ. ಇನ್ವರ್ಟರಿನ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅಲಾರಮ್ಮಿನ ಸೆನ್ಸರ್ ಅದನ್ನೂ ವಿಷ ಅಂತಲೇ ತಿಳಿಯುತ್ತೆ. ಇದೇ ಕೆಲಸ ಮಾಡಿಕೊಂಡು ಬಂದ ನನಗೇ ಬೆಳಗಿನ ತನಕ ಹೊಳೆಯಲಿಲ್ಲ. ನೀವು ಆ ತಪ್ಪು ಮಾಡಬೇಡಿ. ಅಗರಬತ್ತಿ, ಧೂಪ ಉರಿಯುವ ದೇವರ ಗೂಡಿನ ಪಕ್ಕವೂ ಬೇಡ. ಅವೂ ಸ್ವಲ್ಪ ಈ ವಿಷ ಬಿಡುತ್ತವೆ.

ಹಿಂಬದಿಯಲ್ಲಿ ಯಾವ ವರ್ಷದೊಳಗೆ ಬದಲಿಸಬೇಕು ಅಂತ ಅಚ್ಚಾಗಿರುತ್ತೆ, ಐದೋ ಏಳೋ ಹತ್ತೋ ವರ್ಷ. ತಮ್ಮ ತನ್ನ ಮನೆಯ ಹಳೆಯದನ್ನು ಬಿಚ್ಚಿ ಕಳಿಸುತ್ತಿದ್ದರೆ ಅದನ್ನು ಮೊದಲು ನೋಡಲಿ. ಟೆಸ್ಟ್ ಬಟನ್ ಒತ್ತಿದರೆ ಬ್ಯಾಟರಿ, ಸದ್ದು ಸರಿ ಇದೆ ಅಂತ ಗೊತ್ತಾಗುತ್ತೆ, ಸೆನ್ಸರ್ ಜೀವಂತ ಇದೆ ಅಂತ ಅಲ್ಲ. ನಿಮಿಷಕ್ಕೊಮ್ಮೆ ಚಿಕ್ಕದಾಗಿ 'ಚಿಕ್' ಅಂದರೆ ಬ್ಯಾಟರಿ ಮುಗಿದಿದೆ ಅಥವಾ ಆಯುಸ್ಸು ಮುಗಿದಿದೆ. ನಾಲ್ಕು ಸಲ ಜೋರಾಗಿ ಕೂಗಿ, ಸ್ವಲ್ಪ ನಿಂತು ಮತ್ತೆ ನಾಲ್ಕು ಸಲ ಕೂಗುವುದು ಸಾಮಾನ್ಯವಾಗಿ ನಿಜವಾದ ಎಚ್ಚರಿಕೆ. ಆಗ ಬ್ಯಾಟರಿ ಕೀಳಬೇಡಿ. ಎಲ್ಲರೂ ಹೊರಗೆ ಬನ್ನಿ, ತಲೆ ಎಣಿಸಿ.

ಬಚ್ಚಲೊಳಗೆ ಯಾರಾದರೂ ಉತ್ತರ ಕೊಡದಿದ್ದರೆ ಮೊದಲು ಹೊರಗಿನ ರೆಗ್ಯುಲೇಟರ್ ಆಫ್ ಮಾಡಿ, ಆಮೇಲೆ ಬಾಗಿಲು ಒಡೆಯಿರಿ. ಉಸಿರು ಬಿಗಿಹಿಡಿದು ಒಳಗೆ ಹೋಗಿ ಎಳೆದು ತನ್ನಿ. ಅಲ್ಲೇ ಕೂತು ಉಪಚಾರ ಮಾಡಬೇಡಿ. ಎಳೆಯಲು ಹೋದವರೂ ಬಿದ್ದದ್ದುಂಟು. 108ಕ್ಕೆ ಫೋನ್ ಮಾಡಿ. ಉಸಿರಾಟ ನಿಂತಿದ್ದರೆ ಎದೆ ಒತ್ತಲು ಗೊತ್ತಿರುವವರು ಶುರು ಮಾಡಲಿ. ಆಸ್ಪತ್ರೆಯಲ್ಲಿ ನೀವೇ ಬಾಯಿಬಿಟ್ಟು ಹೇಳಬೇಕಾದ ಮಾತು: "ಗ್ಯಾಸ್ ಗೀಸರ್ ಇತ್ತು, ಕಾರ್ಬನ್ ಮೊನಾಕ್ಸೈಡ್ ಇರಬಹುದು." ಬೆರಳಿಗೆ ಹಾಕುವ ಕ್ಲಿಪ್ಪು 98 ಅಂತ ತೋರಿಸಿದರೆ ಸಮಾಧಾನ ಪಡಬೇಡಿ. ವಿಷ ಹಿಡಿದ ರಕ್ತವೂ ಕೆಂಪಗೇ ಇರುವುದರಿಂದ ಆ ಕ್ಲಿಪ್ಪಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾರ್ಬಾಕ್ಸಿಹಿಮೋಗ್ಲೋಬಿನ್ ಅನ್ನುವ ರಕ್ತ ಪರೀಕ್ಷೆ ಬೇಕು. ಅದಕ್ಕೂ ಕಾಯದೆ ಮಾಸ್ಕಿನಲ್ಲಿ ಪೂರ್ತಿ ಆಮ್ಲಜನಕ ಕೊಡುತ್ತಾರೆ. ಮಾಮೂಲಿ ಗಾಳಿಯಲ್ಲಿ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕದಲ್ಲಿ ಒಂದು, ಒಂದೂವರೆ ಗಂಟೆ. ನಿಮ್ಮ ಚಿಕ್ಕ ಮಗಳಿಗೆ ವಾರ ಕಳೆದಿದೆ, ಈಗ ಆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಆದರೆ ಕೆಲವರಿಗೆ ದಿನಗಳು, ವಾರಗಳು ಕಳೆದ ಮೇಲೆ ಮರೆವು, ಮಂಕು, ನಡಿಗೆಯಲ್ಲಿ ತಡವರಿಕೆ ಶುರುವಾಗುವುದಿದೆ. ಒಂದೂವರೆ ತಿಂಗಳು ಗಮನಿಸಿ. ಹಾಗೇನಾದರೂ ಕಂಡರೆ ಗೀಸರಿನ ವಿಷಯ ಸೇರಿಸಿ ಡಾಕ್ಟರಿಗೆ ಹೇಳಿ.

ಕೊನೆಗೆ ದೊಡ್ಡ ಮಗಳ ಬಾಣಂತನ. ನಿಮ್ಮ ಕಾಗದದಲ್ಲಿ ನನಗೆ ತುಂಬಾ ಭಯ ಹುಟ್ಟಿಸಿದ್ದು ಇದೇ. ಬಾಣಂತಿ ಸ್ನಾನ ಹೇಗೆ ನಡೆಯುತ್ತೆ ನೆನಪು ಮಾಡಿಕೊಳ್ಳಿ. ಗಾಳಿ ಸೋಕಬಾರದು ಅಂತ ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕುತ್ತಾರೆ. ಕುದಿಯುವಂಥ ನೀರು, ಅದೂ ಹಂಡೆಗಟ್ಟಲೆ. ಎಣ್ಣೆ ಹಚ್ಚಿ, ನೀರು ಹೊಯ್ದು ಮುಗಿಯುವಾಗ ಮುಕ್ಕಾಲು ಗಂಟೆ. ಒಳಗೆ ತಾಯಿ, ಮಗು, ನೀರು ಹಾಕುವ ಹೆಂಗಸು. ಆ ಕೋಣೆಯಲ್ಲಿ ಗೀಸರ್ ಉರಿಯುವುದನ್ನು ಯೋಚಿಸಿ. ಅವಳು ಬರುವ ಮುಂಚೆ ಅದು ಹೊರಗೆ ಹೋಗಿರಲೇಬೇಕು. ಅವಳು ಹೆರಿಗೆಗೆ ಮೊದಲೇ ಬರುವುದಾದರೆ ಇನ್ನೂ ಅವಸರ. ಹೊಟ್ಟೆಯಲ್ಲಿರುವ ಮಗುವಿನ ರಕ್ತ ಈ ವಿಷವನ್ನು ತಾಯಿಯ ರಕ್ತಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತೆ, ನಿಧಾನವಾಗಿ ಬಿಡುತ್ತೆ. ತಾಯಿ ಸುಧಾರಿಸಿಕೊಂಡಳು ಅಂದರೆ ಮಗುವೂ ಸುಧಾರಿಸಿತು ಅಂತ ಅರ್ಥವಲ್ಲ.

ಕೆಂಡದ ಅಗ್ಗಿಷ್ಟಿಕೆಯೂ ಇದೇ ಜಾತಿ. ಹೊಗೆ ಆಡುವ ಸೌದೆಗಿಂತ ಹೊಗೆಯಿಲ್ಲದ ಕೆಂಪು ಕೆಂಡ ಒಳ್ಳೆಯದು ಅಂತ ನಮಗೆಲ್ಲ ಅನಿಸುತ್ತೆ. ಇದ್ದಿಲ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಧಾರಾಳವಾಗಿ ಬರುತ್ತೆ, ಕಣ್ಣು ಉರಿಯದ್ದರಿಂದ ಗೊತ್ತಾಗುವುದಿಲ್ಲ ಅಷ್ಟೇ. ಬೂದಿ ಮುಚ್ಚಿದ ಮೇಲೂ ಬರುತ್ತಲೇ ಇರುತ್ತೆ. ಚಳಿಗೆ ಅಂತ ಕೋಣೆಯೊಳಗೆ ಬೆಂಕಿ ಇಟ್ಟು ಬಾಗಿಲು ಹಾಕಿ ಮಲಗಿದವರು ಎಲ್ಲ ಕಡೆ ಸತ್ತಿದ್ದಾರೆ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಜನ ಪ್ರವಾಸಿಗರು ರೆಸಾರ್ಟಿನ ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಾಕಿ ಮಲಗಿ ಏಳಲೇ ಇಲ್ಲ. ಅವರಲ್ಲಿ ನಾಲ್ವರು ಮಕ್ಕಳು. ಜನರೇಟರನ್ನು ಮನೆಯೊಳಗೆ, ವರಾಂಡದಲ್ಲಿ ಓಡಿಸುವುದು, ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಸ್ಟಾರ್ಟ್ ಮಾಡಿ ಬಿಡುವುದು, ಎಲ್ಲ ಒಂದೇ ಲೆಕ್ಕ.

ಅತ್ತೆಯವರ ಜೊತೆ ಜಗಳ ಬೇಡ. ಕೆಂಡ ಬೇಡ ಅಂದರೆ ಬಾಣಂತಿಯನ್ನು ಚಳಿಯಲ್ಲಿ ಕೂರಿಸುತ್ತೀರಿ ಅಂತ ಅವರಿಗೆ ಅನಿಸುತ್ತೆ. ಅವರಿಗೆ ಬೇಕಾದ್ದು ಬೆಚ್ಚಗಿನ ಕೋಣೆ, ಕೆಂಡವೇ ಅಲ್ಲ. ಕರೆಂಟಿನ ಆಯಿಲ್ ಹೀಟರ್ ತಂದು ಒಂದು ಸಂಜೆ ಮೊದಲೇ ಅವರ ಕೋಣೆಯಲ್ಲೇ ಹಾಕಿ ತೋರಿಸಿ. ಸಾಂಬ್ರಾಣಿ ಹೊಗೆ ಹಾಕಲೇಬೇಕು ಅಂದರೆ ಜಗಲಿಯಲ್ಲಿ, ಬಾಗಿಲು ತೆರೆದು, ಕೂದಲಿಗೆ ಎರಡು ನಿಮಿಷ, ಮಗುವನ್ನು ದೂರ ಇಟ್ಟು. ಆದ ಕೂಡಲೇ ಕೆಂಡಕ್ಕೆ ಅಂಗಳದಲ್ಲಿ ನೀರು ಹೊಯ್ಯಿರಿ, ಮಂಚದ ಕೆಳಗೆ ತಳ್ಳಬೇಡಿ. ತಮ್ಮ ಕಳಿಸುವ ಅಲಾರಂಗಳಲ್ಲಿ ಒಂದನ್ನು ಬಾಣಂತಿ ಕೋಣೆಯಲ್ಲೇ ಹಾಕಿ. ವಾರಕ್ಕೊಮ್ಮೆ ಅದರ ಬಟನ್ ಒತ್ತುವ ಕೆಲಸ ಅತ್ತೆಯವರಿಗೇ ಕೊಟ್ಟುಬಿಡಿ.